ಇಂದಿನ ಚಿಂತನೆ: ಊರಿನ ಹೆಸರು ಬದಲಿಸಿದ ಹುಡುಗಿ



ಬಿ.ಎಡ್. ಓದುವಾಗ ಬಾಡಿಗೆ ಕೋಣೆ ಹುಡುಕಿಕೊಂಡು ಹೋಗಿದ್ದೆ. ಮನೆಯವರು ಹೆಸರು ಕೇಳಿದರು, ಊರು ಕೇಳಿದರು, ಆಮೇಲೆ ಯಾವ ಜನ ಎಂದು ಕೇಳಿದರು. ಸುಳ್ಳು ಹೇಳಿದೆ. ಕೋಣೆ ಸಿಕ್ಕಿತು. ಆ ವರ್ಷವಿಡೀ, ನೋಡಲು ಬರುತ್ತೇನೆ ಎಂದ ಅವ್ವನಿಗೆ ಏನಾದರೊಂದು ನೆಪ ಹೇಳಿ ಬರದಂತೆ ತಡೆದೆ. ಇಂದು ನೆನೆಯುತ್ತಿರುವ ಮಹಿಳೆಯ ಬದುಕನ್ನು ಓದುವಾಗ ಆ ಕೋಣೆ ಮತ್ತೆ ಮತ್ತೆ ನೆನಪಾಯಿತು.

ಅವರ ಹೆಸರು *ಫ್ಲಾರೆನ್ಸ್ ಪ್ರೈಸ್.* ಅಮೆರಿಕದ ಸಂಗೀತ ರಚನೆಕಾರ್ತಿ, ಪಿಯಾನೋ ವಾದಕಿ, ಮೇಷ್ಟ್ರು. ಹುಟ್ಟಿದ್ದು 1887ರ ಏಪ್ರಿಲ್ 9ರಂದು, ಅರ್ಕಾನ್ಸಾ ರಾಜ್ಯದ ಲಿಟಲ್ ರಾಕ್‌ನಲ್ಲಿ. ಬಾಬಾಸಾಹೇಬರಿಗಿಂತ ನಾಲ್ಕು ವರ್ಷ ದೊಡ್ಡವರು. ತಂದೆ ದಂತವೈದ್ಯ, ತಾಯಿ ಸಂಗೀತ ಶಿಕ್ಷಕಿ. ಕಪ್ಪು ಕುಟುಂಬದ ಮಗುವಿಗೆ ಊರಿನ ಬಿಳಿಯ ಗುರುಗಳು ಪಾಠ ಹೇಳಲಿಲ್ಲ. ತಾಯಿಯೇ ಗುರುವಾದರು.

1903ರಲ್ಲಿ ಹುಡುಗಿ ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಸಂಗೀತ ಶಾಲೆಗೆ ಸೇರಿದಳು. ಅಲ್ಲಿ ಊರಿನ ಹೆಸರು ಬರೆಸುವಾಗ ಲಿಟಲ್ ರಾಕ್ ಎಂದು ಬರೆಸಲಿಲ್ಲ. ತಾಯಿಯ ಮಾತಿನಂತೆ ಮೆಕ್ಸಿಕೋದ ಪ್ಯೂಬ್ಲೋ ಎಂದು ಬರೆಸಲಾಯಿತು. ಮೆಕ್ಸಿಕೋದವಳು ಎಂದುಕೊಂಡರೆ ಮಗಳಿಗೆ ಅವಮಾನ ಕಡಿಮೆಯಾದೀತು ಎಂಬುದು ಆ ತಾಯಿಯ ಲೆಕ್ಕ. 1906ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಆರ್ಗನ್ ವಾದನ ಮತ್ತು ಪಿಯಾನೋ ಬೋಧನೆ ಎರಡರಲ್ಲೂ ತೇರ್ಗಡೆಯಾಗಿ ಆಕೆ ಊರಿಗೆ ಮರಳಿದಳು.

ಮುಂದೆ ಕಪ್ಪು ಮಕ್ಕಳ ಶಾಲೆ ಕಾಲೇಜುಗಳಲ್ಲಿ ಪಾಠ ಹೇಳಿದರು. ಅಟ್ಲಾಂಟದ ಕ್ಲಾರ್ಕ್ ವಿಶ್ವವಿದ್ಯಾಲಯದಲ್ಲಿ ಸಂಗೀತ ವಿಭಾಗದ ಮುಖ್ಯಸ್ಥೆಯಾದರು. 1912ರಲ್ಲಿ ವಕೀಲರೊಬ್ಬರನ್ನು ಮದುವೆಯಾಗಿ ಲಿಟಲ್ ರಾಕ್‌ನಲ್ಲಿ ನೆಲೆಸಿದರು. ಇಷ್ಟೆಲ್ಲ ಕಲಿತವರನ್ನೂ ಅರ್ಕಾನ್ಸಾದ ಸಂಗೀತ ಶಿಕ್ಷಕರ ಸಂಘ ಬಣ್ಣ ನೋಡಿ ಹೊರಗಿಟ್ಟಿತು. ಅವರು ಮನೆಯಲ್ಲೇ ಮಕ್ಕಳಿಗೆ ಪಿಯಾನೋ ಕಲಿಸಿದರು. ಪುಟ್ಟ ಬೆರಳುಗಳಿಗೆ ಎಟುಕುವಂಥ ಪುಟ್ಟ ರಚನೆಗಳನ್ನು ಬರೆದರು.

1927ರಲ್ಲಿ ಅದೇ ಊರಿನಲ್ಲಿ ಬಿಳಿಯರ ಗುಂಪೊಂದು ಕಪ್ಪು ಮನುಷ್ಯನೊಬ್ಬನನ್ನು ಕೊಂದು, ಕಪ್ಪು ಜನರ ಬೀದಿಗೇ ಹೆಣ ಎಳೆದು ತಂದು ಸುಟ್ಟಿತು. ಫ್ಲಾರೆನ್ಸ್ ಕುಟುಂಬ ಊರು ಬಿಟ್ಟು ಷಿಕಾಗೋ ಸೇರಿತು. ಅಲ್ಲಿ ಸಂಸಾರ ಒಡೆಯಿತು. 1931ರಲ್ಲಿ ವಿಚ್ಛೇದನ, ಜೊತೆಗೆ ಇಬ್ಬರು ಹೆಣ್ಣುಮಕ್ಕಳು. ಹೊಟ್ಟೆಪಾಡಿಗೆ ಮೂಕಿ ಚಿತ್ರಗಳಿಗೆ ಆರ್ಗನ್ ನುಡಿಸಿದರು, ರೇಡಿಯೋ ಜಾಹೀರಾತಿಗೆ ಹಾಡು ಕಟ್ಟಿದರು. ಒಮ್ಮೆ ಕಾಲು ಮುರಿದು ಮನೆಯಲ್ಲಿ ಕೂತಾಗಲೇ ಬರೆಯಲು ಬಿಡುವು ಸಿಕ್ಕಿತಂತೆ. ಇನ್ನೊಮ್ಮೆ ಕಾಲು ಮುರಿಯುವ ಭಾಗ್ಯ ಯಾವಾಗ ಬರುತ್ತದೋ ಎಂದು ಕಾಗದದಲ್ಲಿ ತಮಾಷೆ ಮಾಡಿದ್ದರು. ಮನೆ, ಮಕ್ಕಳು, ಕೆಲಸ ಮೂರನ್ನೂ ತೂಗಿಸುವ ಅಕ್ಕಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ದಿನಗಳಲ್ಲಿ ಬರೆದ ಮೊದಲ ಸಿಂಫನಿಗೆ 1932ರಲ್ಲಿ ವಾನಮೇಕರ್ ಸ್ಪರ್ಧೆಯ ಮೊದಲ ಬಹುಮಾನ, 500 ಡಾಲರ್ ಬಂತು. ಅದೇ ವರ್ಷ ಅದೇ ಸ್ಪರ್ಧೆಯ ಹಾಡಿನ ವಿಭಾಗದಲ್ಲಿ ಗೆದ್ದವರು ಅವರ ಶಿಷ್ಯೆ ಮಾರ್ಗರೆಟ್ ಬಾಂಡ್ಸ್. ಶಿಕ್ಷಕಿಗೆ ಇದಕ್ಕಿಂತ ದೊಡ್ಡ ಬಹುಮಾನ ಇದೆಯೇ! 1933ರ ಜೂನ್ 15ರಂದು ಷಿಕಾಗೋ ಸಿಂಫನಿ ವಾದ್ಯವೃಂದ ಆ ಕೃತಿಯನ್ನು ನುಡಿಸಿತು. ಅಮೆರಿಕದ ದೊಡ್ಡ ವಾದ್ಯವೃಂದವೊಂದು ಕಪ್ಪು ಮಹಿಳೆಯ ಸಿಂಫನಿ ನುಡಿಸಿದ್ದು ಅದೇ ಮೊದಲು.

ಆ ಸಿಂಫನಿಯ ಮೂರನೇ ಭಾಗ ಜೂಬಾ ಎಂಬ ಕುಣಿತ. ಗುಲಾಮರು ಡೋಲು ಬಾರಿಸಬಾರದೆಂದು ಹಲವೆಡೆ ಒಡೆಯರು ನಿಷೇಧಿಸಿದ್ದರು. ಅವರು ತೊಡೆ ತಟ್ಟಿ, ಎದೆ ತಟ್ಟಿ, ಚಪ್ಪಾಳೆ ತಟ್ಟಿ ತಾಳ ಹಾಕಿದರು. ಮೈಯೇ ಡೋಲಾಯಿತು. ನಮ್ಮ ಹಿರಿಯರಿಗೆ ತಮಟೆ ಬಡಿಯಲೇಬೇಕೆಂಬ ಕಟ್ಟಳೆ, ಅವರ ಹಿರಿಯರಿಗೆ ಡೋಲು ಮುಟ್ಟಲೇಬಾರದೆಂಬ ಕಟ್ಟಳೆ. ಬಾಸ್ಟನ್ನಿನಲ್ಲಿ ಊರಿನ ಹೆಸರು ಮರೆಸಿದ್ದ ಹುಡುಗಿ, ತನ್ನ ಜನರ ಆ ತಾಳವನ್ನೇ ತಂದು ದೊಡ್ಡ ವೇದಿಕೆಯ ನಟ್ಟನಡುವೆ ಇಟ್ಟರು.

1943ರಲ್ಲಿ ಮತ್ತೆ ಬಾಸ್ಟನ್ನಿಗೇ ಒಂದು ಕಾಗದ ಬರೆದರು, ಅಲ್ಲಿನ ಸಿಂಫನಿ ವಾದ್ಯವೃಂದದ ನಿರ್ದೇಶಕ ಸರ್ಜ್ ಕುಸೆವಿಟ್ಸ್ಕಿ ಅವರಿಗೆ. ಈ ಸಲ ಮುಚ್ಚುಮರೆ ಇರಲಿಲ್ಲ. ತಾನು ಹೆಣ್ಣು, ತನ್ನ ಮೈಯಲ್ಲಿ ಕಪ್ಪು ಜನರ ರಕ್ತವಿದೆ ಎಂದು ತಾವೇ ಮೊದಲು ಹೇಳಿಕೊಂಡರು. ಕನಿಕರ ಬೇಡ, ಕೃತಿಯನ್ನು ಅದರ ಯೋಗ್ಯತೆಯಿಂದಷ್ಟೇ ಅಳೆಯಿರಿ ಎಂದು ಕೇಳಿಕೊಂಡರು. ಅವರು ಆಕೆಯ ಕೃತಿಯನ್ನು ನುಡಿಸಲಿಲ್ಲ. ಆಕೆ ಬರೆಯುವುದನ್ನು ನಿಲ್ಲಿಸಲಿಲ್ಲ.

1953ರ ಜೂನ್ 3ರಂದು ಷಿಕಾಗೋದಲ್ಲಿ ತೀರಿಕೊಂಡರು. ಲೋಕ ಮರೆಯಿತು. 2009ರಲ್ಲಿ ಇಲಿನಾಯ್ ರಾಜ್ಯದ ಸೇಂಟ್ ಆನ್‌ನಲ್ಲಿ, ಹಿಂದೆ ಅವರು ಬೇಸಿಗೆ ಕಳೆಯುತ್ತಿದ್ದ ಪಾಳುಮನೆಯೊಂದರಲ್ಲಿ ಕಾಗದದ ರಾಶಿ ಸಿಕ್ಕಿತು. ಮರ ಬಿದ್ದು ಸೂರು ತೂತಾಗಿದ್ದರೂ ಒಂದು ಮೂಲೆ ನೆನೆದಿರಲಿಲ್ಲ. ಎರಡು ಪಿಟೀಲು ಕಾನ್ಸರ್ಟೋ, ನಾಲ್ಕನೇ ಸಿಂಫನಿ ಎಲ್ಲ ಅಲ್ಲಿದ್ದವು. ಆ ಸಿಂಫನಿಯನ್ನು 2018ರಲ್ಲಿ ಮೊದಲ ಬಾರಿ ನುಡಿಸಿದ್ದು ಅರ್ಕಾನ್ಸಾದ್ದೇ ಒಂದು ವಾದ್ಯವೃಂದ. ಸಂಗೀತ ಶಿಕ್ಷಕಿ ಎಂದು ಆಕೆಯನ್ನು ಸೇರಿಸಿಕೊಳ್ಳದಿದ್ದ ಅದೇ ರಾಜ್ಯ!

ಬಂಧುಗಳೇ, ಊರಿನ ಹೆಸರು ಬದಲಿಸಿದ ಹದಿನಾರರ ಹುಡುಗಿಯನ್ನು ನಾನು ದೂರಲಾರೆ. ಬದಲಿಸುವಂತೆ ಮಾಡಿದವರದ್ದು ಆ ತಪ್ಪು. ಆದರೆ ಆ ಒಂದು ಕಾಗದದಿಂದ ಇನ್ನೊಂದು ಕಾಗದಕ್ಕೆ ಬರಲು ಆಕೆಗೆ ನಲವತ್ತು ವರ್ಷ ಹಿಡಿಯಿತು. ಅಲ್ಲಿಗೆ ಕರೆತಂದದ್ದು ದಿನದಿನದ ಕೆಲಸ. ಸಮ್ಮಾ ವಾಯಾಮ ಎಂದು ನಾವು ಓದುವುದನ್ನು ಈ ಬದುಕಿನಲ್ಲಿ ಕಂಡೆ.

ಇಂದು ಮಲಗುವ ಮುನ್ನ ನಮ್ಮನ್ನೇ ಕೇಳಿಕೊಳ್ಳೋಣ: ಇನ್ನೂ ಎಲ್ಲೆಲ್ಲಿ ನಾವು ಊರಿನ ಹೆಸರು ಬದಲಿಸಿ ಬರೆಯುತ್ತಿದ್ದೇವೆ? ಬಾರದಂತೆ ತಡೆದ ಅವ್ವನನ್ನು ಯಾವಾಗ ಒಳಗೆ ಕರೆಯುತ್ತೇವೆ?

*ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.*