ಎಡೆದೊರೆ ನಾಡಿನ ತರಗತಿಯಲ್ಲಿ ಅಳಿಯ ರಾಮರಾಯ

ಗಬ್ಬೂರಿನಲ್ಲಿ ಪಾಠಾಭ್ಯಾಸಕ್ಕೆ ನನಗೆ ಬಂದ ಘಟಕ ವಿಜಯನಗರ. ಪಠ್ಯಗಳಲ್ಲಿ ಸಾಮಾನ್ಯವಾಗಿ ಅಳಿಯ ರಾಮರಾಯನ ಪಾಲಿಗೆ ಉಳಿಯುವುದು ಒಂದು ಇಸವಿ, ಒಂದು ಯುದ್ಧ, ಒಂದು ಸೋಲು. ಕೃಷ್ಣೆ ತುಂಗಭದ್ರೆಗಳ ನಡುವಿನ ಎಡೆದೊರೆ ನಾಡಿನ ಮಕ್ಕಳಿಗೆ ಇಷ್ಟು ಸಾಲದು. ಆ ಜಗಳದ ನೆಲವೇ ಅವರದು. ಆದ್ದರಿಂದ ಒಂದೇ ಪ್ರಶ್ನೆಯ ಸುತ್ತ ಪಾಠ ಕಟ್ಟಿದೆ: ನೆರೆರಾಜ್ಯದಲ್ಲಿ ಅಧಿಕಾರ ಸಿಗದೆ ಓಡಿಬಂದವರು ರಾಮರಾಯನ ಪರರಾಜ್ಯ ನೀತಿಯನ್ನು ಎತ್ತ ತಿರುಗಿಸಿದರು?

ಅರವೀಡು ಮನೆತನದ ರಾಮರಾಯನೂ ಒಂದು ಕಾಲಕ್ಕೆ ಪರಾಶ್ರಯದಲ್ಲಿದ್ದವನೇ. ತಾರುಣ್ಯದಲ್ಲಿ ಅವನು ಗೋಲ್ಕೊಂಡದ ಸುಲ್ತಾನ್ ಕುಲಿಯ ಸೇವೆಯಲ್ಲಿದ್ದು, ಅಲ್ಲಿಂದ ಹೊರಬಿದ್ದ ಮೇಲೆ ಕೃಷ್ಣದೇವರಾಯನ ಬಳಿಗೆ ಬಂದನೆಂದು ಗೋಲ್ಕೊಂಡದ ಚರಿತ್ರೆಕಾರರು ಬರೆದಿದ್ದಾರೆ. ಮುಂದೆ ರಾಯನ ಮಗಳನ್ನು ಮದುವೆಯಾಗಿ ಅಳಿಯನಾದ. 1542ರಲ್ಲಿ ಅಚ್ಯುತರಾಯ ತೀರಿಕೊಂಡಾಗ ಸಲಕರಾಜು ತಿರುಮಲ ಬಿಜಾಪುರದ ಇಬ್ರಾಹಿಂ ಆದಿಲ್‌ಶಾನ ನೆರವು ಕೋರಿದ. ರಾಮರಾಯ ಅವನನ್ನು ಮಣಿಸಿ, ಸದಾಶಿವರಾಯನನ್ನು ಪಟ್ಟಕ್ಕೆ ಕೂರಿಸಿ, ಆಡಳಿತವನ್ನು ತನ್ನ ಕೈಯಲ್ಲಿಟ್ಟುಕೊಂಡ. ಮನೆಯ ಜಗಳಕ್ಕೆ ನೆರೆಯವನನ್ನು ಕರೆದರೆ ಏನಾಗುತ್ತದೆಂದು ಅವನು ಕಣ್ಣಾರೆ ಕಂಡಿದ್ದ. ಆಮೇಲೆ ಅದೇ ದಾರಿಯನ್ನು ನೆರೆಯವರ ಮೇಲೆ ಹಿಡಿದ ಎನ್ನುವುದು ನನ್ನ ಅನಿಸಿಕೆ.

ಅವಕಾಶ ಬೇಗನೆ ಬಂತು. 1543ರಲ್ಲಿ ಸುಲ್ತಾನ್ ಕುಲಿಯ ಕೊಲೆಯಾಗಿ ಮಗ ಜಂಷೀದ್ ಗೋಲ್ಕೊಂಡದ ಗದ್ದುಗೆ ಏರಿದ. ಜಂಷೀದನ ತಮ್ಮ ಇಬ್ರಾಹಿಂ ಜೀವ ಉಳಿಸಿಕೊಳ್ಳಲು ಮೊದಲು ಬೀದರಿಗೆ, ಅಲ್ಲಿಂದ ವಿಜಯನಗರಕ್ಕೆ ಓಡಿಬಂದ. ಸುಮಾರು ಏಳು ವರ್ಷ ರಾಮರಾಯ ಅವನನ್ನು ಮರ್ಯಾದೆಯಿಂದ ಇಟ್ಟುಕೊಂಡ. ಇದು ಬರಿಯ ಕರುಣೆಯಲ್ಲ. ಗದ್ದುಗೆಗೆ ಹಕ್ಕುದಾರನಾದ ರಾಜಕುಮಾರ ಮನೆಯಲ್ಲಿದ್ದರೆ ಅವನ ಊರಿನ ಸರದಾರರ ಒಳಮನಸ್ಸು ತಿಳಿಯುತ್ತದೆ, ಎದುರಾಳಿ ಸುಲ್ತಾನ ನೆಮ್ಮದಿಯಿಂದ ಇರಲಾರ, ನಾಳೆ ಅತಿಥಿಯೇ ದೊರೆಯಾದರೆ ಗೆಳೆತನವೂ ಸಿಕ್ಕೀತು. ಎಣಿಕೆ ಅರ್ಧ ಫಲಿಸಿತು. 1550ರಲ್ಲಿ ಜಂಷೀದ್ ಸತ್ತ. ಜಗದೇವರಾವ್ ಮೊದಲಾದ ಸರದಾರರ ಬೆಂಬಲದಿಂದ ಇಬ್ರಾಹಿಂ ಸುಲ್ತಾನನಾದ. ತೆಲುಗು ಕವಿಗಳು ಮಲ್ಕಿಭರಾಮನೆಂದು ಹೊಗಳಿದ್ದು ಈತನನ್ನೇ.

(ಇಬ್ಬರು ಇಬ್ರಾಹಿಮರು ಮಕ್ಕಳನ್ನು ಗೊಂದಲಕ್ಕೆ ಕೆಡವುತ್ತಾರೆ. ಕಪ್ಪುಹಲಗೆಯ ಮೇಲೆ ಪ್ರತಿ ಹೆಸರಿನ ಪಕ್ಕ ಊರಿನ ಹೆಸರು ಬರೆದು, ಯಾರು ಯಾರಲ್ಲಿಗೆ ಓಡಿದರೆಂದು ಬಾಣ ಹಾಕಿಸಿದರೆ ಸಾಕು.)

ಬಿಜಾಪುರದ ಅಲಿ ಆದಿಲ್‌ಶಾ 1558ರಲ್ಲಿ ಪಟ್ಟಕ್ಕೆ ಬಂದ. ರಾಮರಾಯನ ಮಗ ತೀರಿಕೊಂಡಾಗ ತಾನೇ ವಿಜಯನಗರಕ್ಕೆ ಬಂದು ಸಂತಾಪ ಹೇಳಿದ. ಇಬ್ಬರೂ ಸೇರಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋದರು, ಗೋಲ್ಕೊಂಡವೂ ಜೊತೆಗಿತ್ತು. ಆದರೆ ಇಬ್ರಾಹಿಂ ಕುತುಬ್‌ಶಾನಿಗೂ ಜಗದೇವರಾವನಿಗೂ ಕೆಟ್ಟಿತು. ದಂಗೆಯೆದ್ದು ಸೋತ ಜಗದೇವರಾವ್ ಕೊನೆಗೆ ಬಂದದ್ದು ರಾಮರಾಯನ ಬಾಗಿಲಿಗೇ! ನಿನ್ನೆ ತಾನು ಕೂತ ಜಾಗದಲ್ಲಿ ಇಂದು ತನ್ನ ವೈರಿ ಕೂತದ್ದನ್ನು ಇಬ್ರಾಹಿಂ ಹೇಗೆ ಸಹಿಸಿಯಾನು? ಮುಂದಿನ ಕಾಳಗದಲ್ಲಿ ಅವನು ರಾಮರಾಯನಿಗೆ ಕೋಟೆಗಳನ್ನೂ ಬಿಟ್ಟುಕೊಡಬೇಕಾಯಿತು.

ತರಗತಿಯಲ್ಲಿ ಒಬ್ಬ ಹುಡುಗ ಎದ್ದುನಿಂತು, ಏಳು ವರ್ಷ ಉಂಡ ಉಪ್ಪಿನ ಋಣ ಎಲ್ಲಿ ಹೋಯಿತೆಂದು ಕೇಳಿದ. ನಾನು ಉತ್ತರ ಕೊಡದೆ ಬಾಣಗಳನ್ನೇ ನೋಡಲು ಹೇಳಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು, ಇವನಿಗೆ ಮಾಡಿದ ಉಪಕಾರವನ್ನೇ ಇವನ ವೈರಿಗೂ ಮಾಡಿದನಲ್ಲಾ ಅಂದಳು. ಬಾಣಗಳು ಮತ ನೋಡಿ ಓಡಿಲ್ಲವೆಂಬುದನ್ನೂ ಮಕ್ಕಳೇ ಕಂಡುಕೊಂಡರು.

ಅಹಮದ್‌ನಗರದ ಹುಸೇನ್ ನಿಜಾಮ್‌ಶಾ ತನ್ನ ಮಗಳು ಚಾಂದ್‌ಬೀಬಿಯನ್ನು ಅಲಿಗೆ ಕೊಟ್ಟ. ಸೋಲಾಪುರದ ಕೋಟೆ ಬಳುವಳಿಯಾಗಿ ಬಂತು. ಅಲಿ ರಾಮರಾಯನಿಂದ ರಾಯಚೂರು, ಮುದಗಲ್ಲು ಕೋಟೆಗಳನ್ನು ಕೇಳಿದ, ಸಿಗಲಿಲ್ಲ. 1565ರ ಜನವರಿ 23ರಂದು ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್ ಒಂದಾಗಿ ನಿಂತವು. ಮುಪ್ಪಿನ ರಾಮರಾಯ ಸೆರೆಸಿಕ್ಕ. ಹುಸೇನ್ ಅವನ ತಲೆ ಕಡಿಸಿದ. ಹಳೆಯ ಅತಿಥಿ ಇಬ್ರಾಹಿಂ ಅಂದು ಎದುರು ಸಾಲಿನಲ್ಲಿದ್ದ. ಎಡೆದೊರೆ ನಾಡು ಬಿಜಾಪುರದ ಪಾಲಾಯಿತು.

ಯುದ್ಧದ ಬಳಿಕ ಅಧಿಕಾರ ರಾಮರಾಯನ ತಮ್ಮ ತಿರುಮಲನ ಕೈಗೆ ಹೋಯಿತು. ರಾಮರಾಯನ ಮಗ ಚಿಕ್ಕಪ್ಪನ ವಿರುದ್ಧ ನೆರವು ಕೇಳಿ ಬಿಜಾಪುರದ ಅಲಿಯ ಮೊರೆಹೋದ. ತಿರುಮಲ ಅಹಮದ್‌ನಗರಕ್ಕೆ ಹೇಳಿಕಳಿಸಿದ.