ಸ್ಯಾಂಡ್‌ವಿಚ್‌ಗೆ ಹೆಸರು ಕೊಟ್ಟ ಅರ್ಲ್

ರಾತ್ರಿಪಾಳಿ ಮುಗಿಸಿದ ಕಾರ್ಮಿಕ, ಚಳಿಯಲ್ಲಿ ರೈಲಿಗೆ ಕಾಯುವ ಪ್ರಯಾಣಿಕ, ಹಿಂದಿನ ಸಂಜೆ ತುಸು ಹೆಚ್ಚೇ ಕುಡಿದು ತಲೆಭಾರದಿಂದ ಎದ್ದ ತರುಣ. ಬ್ರಿಟನ್ನಿನಲ್ಲಿ ಇವರೆಲ್ಲ ಬೆಳಗಿನ ಹೊತ್ತು ಹುಡುಕಿಕೊಂಡು ಹೋಗುವ ತಿನಿಸು ಒಂದೇ: ಬೇಕನ್ ಸ್ಯಾಂಡ್‌ವಿಚ್. ಬೆಣ್ಣೆ ಸವರಿದ ಎರಡು ಬ್ರೆಡ್ ಹೋಳುಗಳು, ನಡುವೆ ಉಪ್ಪಿನಲ್ಲಿ ಹದಮಾಡಿ ಹುರಿದ ಹಂದಿಮಾಂಸ, ಮೇಲೊಂದಿಷ್ಟು ಹುಳಿಸಿಹಿಯ ಕಂದು ಸಾಸ್. ದಣಿದ ಮನಸ್ಸಿಗೆ ಸಮಾಧಾನ ನೀಡುವ ಈ ತಿನಿಸಿನ ಹೆಸರಿನಲ್ಲಿ ಒಬ್ಬ ಮನುಷ್ಯನಿದ್ದಾನೆ. ಆತನ ಬದುಕಿನಲ್ಲಿ ಮಾತ್ರ ಸಮಾಧಾನಕ್ಕೆ ಎಡೆಯಿದ್ದುದು ಕಡಿಮೆ.

ಜಾನ್ ಮಾಂಟೆಗ್ಯೂ ಜನಿಸಿದ್ದು 1718ರ ನವೆಂಬರಿನಲ್ಲಿ. ತಂದೆಯನ್ನು ಶೈಶವದಲ್ಲಿಯೇ ಕಳೆದುಕೊಂಡ ಆತ, 1729ರಲ್ಲಿ ತಾತನೂ ತೀರಿಕೊಂಡಾಗ ಹತ್ತರ ವಯಸ್ಸಿನಲ್ಲಿಯೇ ಸ್ಯಾಂಡ್‌ವಿಚ್‌ನ ನಾಲ್ಕನೆಯ ಅರ್ಲ್ ಆದ. ಸ್ಯಾಂಡ್‌ವಿಚ್ ಎಂಬುದು ಕೆಂಟ್ ಪ್ರಾಂತ್ಯದ ಒಂದು ಬಂದರು ಪಟ್ಟಣ. ಪದವಿ ದೊಡ್ಡದು, ಆಸ್ತಿ ಅಷ್ಟಕ್ಕಷ್ಟೇ. ಅಂತಸ್ತು ಉಳಿಸಿಕೊಳ್ಳಲು ಸರಕಾರಿ ಹುದ್ದೆಯ ಸಂಬಳವನ್ನು ನೆಚ್ಚಬೇಕಾದ ಶ್ರೀಮಂತನಾತ. ಈಟನ್ ಮತ್ತು ಕೇಂಬ್ರಿಜ್‌ನಲ್ಲಿ ಓದಿ, ಗ್ರೀಸ್, ತುರ್ಕಿ, ಈಜಿಪ್ಟ್‌ಗಳನ್ನು ಸುತ್ತಿಬಂದು ರಾಜಕೀಯ ಪ್ರವೇಶಿಸಿದ.

1744ರಲ್ಲಿ ನೌಕಾ ಮಂಡಳಿಯ ಸದಸ್ಯನಾದ ಆತ 1748ರಲ್ಲಿ ಅದರ ಮುಖ್ಯಸ್ಥನಾದಾಗ ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ. ಮರುವರ್ಷ ಮಂಡಳಿಯೇ ಹಡಗುಕಟ್ಟೆಗಳಿಗೆ ಖುದ್ದಾಗಿ ತೆರಳಿ ತಪಾಸಣೆ ನಡೆಸಿತು. ಆ ಹುದ್ದೆಯನ್ನು ಆತ ಒಟ್ಟು ಮೂರು ಬಾರಿ ವಹಿಸಿಕೊಂಡ. ಮೂರನೆಯ ಅವಧಿ 1771ರಿಂದ 1782ರವರೆಗೆ ನಡೆಯಿತು.

ಸ್ಯಾಂಡ್‌ವಿಚ್‌ನ ಕಥೆ ಹುಟ್ಟಿದ್ದು ಈ ನಡುವೆ. 1765ರಲ್ಲಿ ಲಂಡನ್ನಿಗೆ ಬಂದಿದ್ದ ಗ್ರೋಸ್ಲೆ ಎಂಬ ಫ್ರೆಂಚ್ ಲೇಖಕ ತನ್ನ ಪ್ರವಾಸಕಥನದಲ್ಲಿ ಒಂದು ಸುದ್ದಿ ದಾಖಲಿಸಿದ. ಮಂತ್ರಿಯೊಬ್ಬ ಇಡೀ ದಿನ ಜೂಜಿನ ಮೇಜು ಬಿಟ್ಟೇಳದೆ, ಸುಟ್ಟ ಬ್ರೆಡ್ಡಿನ ನಡುವೆ ಗೋಮಾಂಸವಿಟ್ಟು ತಿಂದು ಹಸಿವು ನೀಗಿಸಿಕೊಂಡನಂತೆ. ಇತಿಹಾಸಕಾರ ಎಡ್ವರ್ಡ್ ಗಿಬ್ಬನ್ನನ 1762ರ ದಿನಚರಿಯಲ್ಲಿಯೇ ಈ ತಿನಿಸಿನ ಹೆಸರು ಬಂದಿರುವುದರಿಂದ ಅದು ಆಗಲೇ ಬಳಕೆಯಲ್ಲಿತ್ತು ಎಂಬುದು ಖಚಿತ. ಆದರೆ ಜೂಜಿನ ಕಥೆಗೆ ಗ್ರೋಸ್ಲೆಯ ಮಾತಲ್ಲದೆ ಬೇರೆ ಆಧಾರವಿಲ್ಲ. 1993ರಲ್ಲಿ ಅರ್ಲ್‌ನ ಜೀವನಚರಿತ್ರೆ ಪ್ರಕಟಿಸಿದ ನೌಕಾ ಇತಿಹಾಸಕಾರ ಎನ್.ಎ.ಎಂ. ರಾಜರ್ ಅವರ ಅಭಿಪ್ರಾಯದಲ್ಲಿ, ಆ ದಿನಗಳಲ್ಲಿ ಮಂತ್ರಿಯಾಗಿ ದುಡಿಯುತ್ತಿದ್ದ ಆತ ಕಚೇರಿಯ ಮೇಜಿನ ಮುಂದೆ ಕುಳಿತು ಇದನ್ನು ತಿಂದಿರುವ ಸಂಭವವೇ ಹೆಚ್ಚು.

ಜನ ನಂಬಿದ್ದು ಮಾತ್ರ ಜೂಜಿನ ಕಥೆಯನ್ನು. ಅದಕ್ಕೆ ಕಾರಣವೂ ಇತ್ತು. 1763ರಲ್ಲಿ ಆತ ತನ್ನ ಹಳೆಯ ಗೆಳೆಯ ಜಾನ್ ವಿಲ್ಕ್ಸ್‌ನನ್ನು ಹಣಿಯಲು, ಅಶ್ಲೀಲ ಪದ್ಯವೊಂದನ್ನು ಮೇಲ್ಮನೆಯಲ್ಲಿ ಗಟ್ಟಿಯಾಗಿ ಓದಿದ್ದ. ವಿಲಾಸಿಯೆಂದು ಹೆಸರಾದವನೇ ನೀತಿ ಬೋಧಿಸಹೊರಟದ್ದು ನಗೆಪಾಟಲಾಯಿತು. ನಾಟಕವೊಂದರ ಮಿತ್ರದ್ರೋಹಿ ಕಳ್ಳನ ಹೆಸರನ್ನೇ ಜನ ಆತನಿಗೆ ಅಂಟಿಸಿದರು.

ಕ್ಯಾಪ್ಟನ್ ಜೇಮ್ಸ್ ಕುಕ್‌ನ ಸಾಗರಯಾನಗಳಿಗೆ ಆತ ಬೆಂಬಲವಾಗಿ ನಿಂತ. ಕೃತಜ್ಞನಾದ ಕುಕ್ 1778ರಲ್ಲಿ ಹವಾಯಿ ದ್ವೀಪಗಳಿಗೆ ಸ್ಯಾಂಡ್‌ವಿಚ್ ದ್ವೀಪಗಳೆಂದು ಹೆಸರಿಟ್ಟ. ಆ ಹೆಸರು ಅಲ್ಲಿ ಉಳಿಯಲಿಲ್ಲ. ಅದೇ ಕಾಲಕ್ಕೆ ಅಮೆರಿಕದ ಯುದ್ಧದಲ್ಲಿ ಫ್ರಾನ್ಸ್, ಮರುವರ್ಷ ಸ್ಪೇನ್ ಕೂಡ ಬ್ರಿಟನ್ನಿನ ವಿರುದ್ಧ ನಿಂತವು. ಹಡಗುಗಳ ತಳಕ್ಕೆ ತಾಮ್ರದ ತಗಡು ಹೊದಿಸಿ, ಮರಕೊರೆಯುವ ಹುಳು ಮತ್ತು ಪಾಚಿಯಿಂದ ಕಾಪಾಡುವ ಯೋಜನೆಗೆ ಆತ 1779ರಿಂದ ಒತ್ತುಕೊಟ್ಟ. ಹಡಗುಗಳ ವೇಗ ಹೆಚ್ಚಿತು. ಕರ್ನಾಟಕದ ಕರಾವಳಿಯೂ ಆ ನೌಕಾಬಲದ ಪೆಟ್ಟು ಕಂಡಿತು. ಆತನ ಅಧಿಕಾರಾವಧಿಯಲ್ಲಿಯೇ, 1780ರ ಡಿಸೆಂಬರಿನಲ್ಲಿ, ಅಡ್ಮಿರಲ್ ಎಡ್ವರ್ಡ್ ಹ್ಯೂಸ್‌ನ ಪಡೆ ಮಂಗಳೂರಿನಲ್ಲಿ ಹೈದರಾಲಿಯ ಹಡಗುಗಳನ್ನು ನಾಶಮಾಡಿತು. ಆದರೆ 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೇನೆ ಶರಣಾಯಿತು. ಮರುವರ್ಷದ ಮಾರ್ಚಿಯಲ್ಲಿ ಸರಕಾರ ಬಿದ್ದಾಗ ಸೋಲಿನ ಹೊಣೆಯಲ್ಲಿ ದೊಡ್ಡ ಪಾಲು ಅರ್ಲ್‌ನ ಹೆಗಲೇರಿತು.

ಮನೆಯ ದುಃಖ ಇದಕ್ಕಿಂತ ದೊಡ್ಡದು. ಪತ್ನಿ ಮನೋರೋಗಕ್ಕೆ ತುತ್ತಾಗಿ ದೂರವಾಗಿದ್ದಳು. ಬಳಿಕ ಗಾಯಕಿ ಮಾರ್ಥಾ ರೇ ಆತನ ಸಂಗಾತಿಯಾಗಿ ಹಲವು ಮಕ್ಕಳ ತಾಯಿಯಾದಳು. 1779ರ ಏಪ್ರಿಲ್ 7ರ ರಾತ್ರಿ ಕೋವೆಂಟ್ ಗಾರ್ಡನ್ ರಂಗಮಂದಿರದಿಂದ ಹೊರಬರುತ್ತಿದ್ದ ಅವಳನ್ನು, ಅವಳ ಮೋಹದಲ್ಲಿ ಬಿದ್ದಿದ್ದ ಪಾದ್ರಿ ಜೇಮ್ಸ್ ಹ್ಯಾಕ್‌ಮನ್ ಗುಂಡಿಟ್ಟು ಕೊಂದ. ಹನ್ನೆರಡೇ ದಿನಗಳಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಯುದ್ಧ ನಡೆಯುತ್ತಲೇ ಇತ್ತು. ಅರ್ಲ್ ಕಚೇರಿ ಬಿಡಲಿಲ್ಲ. ಮಾರ್ಥಾಳ ಮಗ ಬ್ಯಾಸಿಲ್ ಮಾಂಟೆಗ್ಯೂ ಮುಂದೆ ವಕೀಲನಾಗಿ ಮರಣದಂಡನೆಯ ವಿರುದ್ಧವೇ ಹೋರಾಡಿದ.

1792ರ ಏಪ್ರಿಲ್ 30ರಂದು ಅರ್ಲ್ ಕಣ್ಮುಚ್ಚಿದ. ಆತನ ತಿನಿಸು ಮಾತ್ರ ಶ್ರೀಮಂತರ ಕ್ಲಬ್ಬುಗಳಿಂದ ಇಳಿದು ಬೀದಿಗೆ ಬಂತು. ಗೋಮಾಂಸದ ಜಾಗದಲ್ಲಿ ಬೇಕನ್ನೂ ಬಂದು ಕುಳಿತಿತು. ಎರಡನೆಯ ಮಹಾಯುದ್ಧದಲ್ಲಿ, 1940ರ ಜನವರಿಯಿಂದ ಬೇಕನ್ನಿಗೆ ಪಡಿತರ ಜಾರಿಯಾದಾಗ ಒಬ್ಬರಿಗೆ ವಾರಕ್ಕೆ ಮೊದಲು ಸಿಗುತ್ತಿದ್ದುದು 4 ಔನ್ಸ್, ಅಂದರೆ ಸುಮಾರು 113 ಗ್ರಾಂ. ಆ ನಿರ್ಬಂಧ ಪೂರ್ತಿ ತೆರವಾದದ್ದು 1954ರ ಜುಲೈನಲ್ಲಿ. ಇಂದು ಉತ್ತರ ಇಂಗ್ಲೆಂಡಿನ ಜನ ಬೆಣ್ಣೆಯ ನೆನಪಿನಲ್ಲಿ ಅದನ್ನು ಬೇಕನ್ ಬಟಿ ಎಂದು ಕರೆಯುತ್ತಾರೆ. ಅರ್ಲ್‌ನ ಹೆಸರು ಅಲ್ಲಿಂದಲೂ ಮರೆಯಾಗಿದೆ. ಎದ್ದುಹೋಗಿ ಉಣ್ಣಲು ಬಿಡುವಿಲ್ಲದವರ ಊಟವಾಗಿ ಹುಟ್ಟಿದ ತಿನಿಸು, ಕೆಲಸಕ್ಕೆ ಓಡುವವರ ಒಂದು ಕೈಯಲ್ಲಿ ಈಗಲೂ ಬಿಸಿಯಾಗಿಯೇ ಇದೆ.