ಬಿಯರ್ ದೊರೆ ಕಟ್ಟಿದ ಬೇಸ್‌ಬಾಲ್ ಸಾಮ್ರಾಜ್ಯ

2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡವು ಹ್ವಾನ್ ಸೋಟೊ ಎಂಬ ಆಟಗಾರನೊಂದಿಗೆ 15 ವರ್ಷಗಳ ಅವಧಿಗೆ 76.5 ಕೋಟಿ ಡಾಲರ್ ಮೊತ್ತದ ಒಪ್ಪಂದ ಮಾಡಿಕೊಂಡಿತು. ಒಬ್ಬನೇ ಆಟಗಾರನಿಗೆ ಇಷ್ಟೊಂದು ಹಣ ಸುರಿಯುವ ಶಕ್ತಿ ಅಮೆರಿಕದ ಬೇಸ್‌ಬಾಲ್ ತಂಡಗಳಿಗೆ ಎಲ್ಲಿಂದ ಬಂತು? ಉತ್ತರ ಹುಡುಕುತ್ತ ಹೊರಟರೆ ಶತಮಾನದಷ್ಟು ಹಿಂದಕ್ಕೆ ಸಾಗಿ, ನ್ಯೂಯಾರ್ಕಿನ ಬಿಯರ್ ಉದ್ಯಮಿಯೊಬ್ಬನ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಆತನೇ ನ್ಯೂಯಾರ್ಕ್ ಯಾಂಕೀಸ್ ತಂಡದ ಒಡೆಯ ಜೇಕಬ್ ರೂಪರ್ಟ್.

ರೂಪರ್ಟ್ ಜನಿಸಿದ್ದು 1867ರ ಆಗಸ್ಟ್ 5ರಂದು, ನ್ಯೂಯಾರ್ಕ್ ನಗರದಲ್ಲಿ. ಜರ್ಮನ್ ಮೂಲದ ಕುಟುಂಬ. ತಂದೆಯ ಬ್ರೂವರಿ ನಗರದ ದೊಡ್ಡ ಉದ್ಯಮಗಳಲ್ಲಿ ಒಂದಾಗಿತ್ತು. ರಾಜ್ಯದ ಗವರ್ನರ್ ಬಳಗದಲ್ಲಿ ಸೇವೆ ಸಲ್ಲಿಸಿ ಪಡೆದ ಕರ್ನಲ್ ಪದವಿ ಕೊನೆಯವರೆಗೂ ಆತನ ಹೆಸರಿಗೆ ಅಂಟಿಕೊಂಡಿತು. 1899ರಿಂದ 1907ರವರೆಗೆ ಡೆಮಾಕ್ರಟಿಕ್ ಪಕ್ಷದಿಂದ ಅಮೆರಿಕದ ಕೆಳಮನೆಯ ಸದಸ್ಯನಾಗಿದ್ದ ಆತ, ಬಳಿಕ ಉದ್ಯಮಕ್ಕೆ ಮರಳಿದ. ಮದುವೆಯಾಗಲಿಲ್ಲ.

ಸೋಲುವ ತಂಡದ ಖರೀದಿ

1915ರ ಜನವರಿಯಲ್ಲಿ ಎಂಜಿನಿಯರ್ ಟಿಲಿಂಗ್‌ಹ್ಯಾಸ್ಟ್ ಹ್ಯೂಸ್ಟನ್ ಜೊತೆಗೂಡಿ ರೂಪರ್ಟ್ ಯಾಂಕೀಸ್ ತಂಡವನ್ನು ಸುಮಾರು 4.6 ಲಕ್ಷ ಡಾಲರಿಗೆ ಕೊಂಡುಕೊಂಡ. ಒಂದು ಬಾರಿಯೂ ಲೀಗ್ ಪ್ರಶಸ್ತಿ ಗೆಲ್ಲದ ತಂಡವದು. ಅದಕ್ಕೆ ಸ್ವಂತ ಮೈದಾನವೂ ಇರಲಿಲ್ಲ. ಎದುರಾಳಿ ಜೈಂಟ್ಸ್ ತಂಡದ ಪೋಲೊ ಗ್ರೌಂಡ್ಸ್‌ನಲ್ಲಿ ಬಾಡಿಗೆ ತೆತ್ತು ಆಡುತ್ತಿತ್ತು.

1919ರಲ್ಲಿ ನ್ಯೂಯಾರ್ಕ್ ರಾಜ್ಯ ಭಾನುವಾರದ ವೃತ್ತಿಪರ ಪಂದ್ಯಗಳಿಗೆ ಕಾನೂನಿನ ಸಮ್ಮತಿ ನೀಡಿತು. ವಾರವಿಡೀ ದುಡಿಯುವ ಜನ ಕುಟುಂಬ ಸಮೇತ ಮೈದಾನಕ್ಕೆ ಬರಲು ದಾರಿಯಾಯಿತು. ಟಿಕೆಟ್ ಹಣವೇ ಜೀವಾಳವಾಗಿದ್ದ ಆ ಕಾಲದಲ್ಲಿ ಇದು ಸಣ್ಣ ಬದಲಾವಣೆಯಲ್ಲ. ಆದರೆ ಜನರನ್ನು ಸೆಳೆಯಲು ಒಬ್ಬ ತಾರೆ ಬೇಕಿತ್ತು.

ಆ ತಾರೆ ಬಾಸ್ಟನ್ ರೆಡ್ ಸಾಕ್ಸ್ ತಂಡದಲ್ಲಿದ್ದ. ಬೇಬ್ ರೂತ್ 1919ರಲ್ಲಿ 29 ಹೋಮ್‌ರನ್ ಬಾರಿಸಿ ದಾಖಲೆ ಬರೆದಿದ್ದ. ಹೋಮ್‌ರನ್ ಎಂದರೆ ಕ್ರಿಕೆಟ್ಟಿನ ಸಿಕ್ಸರ್‌ನಂತೆ ನೋಡುಗರನ್ನು ಎಬ್ಬಿಸಿ ನಿಲ್ಲಿಸುವ ಹೊಡೆತ. ವರ್ಷಕ್ಕೆ 10,000 ಡಾಲರ್ ಪಡೆಯುತ್ತಿದ್ದ ರೂತ್ ಅದನ್ನು ದುಪ್ಪಟ್ಟುಗೊಳಿಸುವಂತೆ ಪಟ್ಟು ಹಿಡಿದಿದ್ದ. ರೆಡ್ ಸಾಕ್ಸ್ ಒಡೆಯ, ನಾಟಕ ನಿರ್ಮಾಪಕ ಹ್ಯಾರಿ ಫ್ರೇಜಿಗೆ ಹಣದ ಅಡಚಣೆಯಿತ್ತು. ರೂಪರ್ಟ್ ರೂತ್‌ನಿಗಾಗಿ ಒಂದು ಲಕ್ಷ ಡಾಲರ್ ನೀಡಲು ಒಪ್ಪಿದ. ಅದರಲ್ಲಿ 25,000 ಡಾಲರ್ ಮಾತ್ರ ನಗದು, ಉಳಿದದ್ದು ಬಡ್ಡಿ ಸಹಿತ ಕಂತುಗಳಲ್ಲಿ. ಇದರ ಜೊತೆಗೆ ಬಾಸ್ಟನ್ನಿನ ಫೆನ್‌ವೇ ಪಾರ್ಕ್ ಮೈದಾನವನ್ನು ಅಡಮಾನವಾಗಿಟ್ಟುಕೊಂಡು ಫ್ರೇಜಿಗೆ ಮೂರು ಲಕ್ಷ ಡಾಲರ್ ಸಾಲ ಕೊಡುವ ಮಾತೂ ಆಯಿತು.

1920ರ ಜನವರಿ ಮೊದಲ ವಾರ ಈ ವ್ಯವಹಾರ ಬಹಿರಂಗವಾಯಿತು. ಅದೇ ತಿಂಗಳು ಅಮೆರಿಕದಾದ್ಯಂತ ಪಾನನಿಷೇಧ ಜಾರಿಗೆ ಬಂತು. ಬಿಯರ್ ದೊರೆಗೆ ಬಿಯರ್ ಮಾರಲಾಗದ ಸ್ಥಿತಿ. ಆತನ ಬ್ರೂವರಿ 13 ವರ್ಷಗಳ ಕಾಲ ಮದ್ಯಾಂಶ ತೀರಾ ಕಡಿಮೆಯಿದ್ದ ಪಾನೀಯಗಳಿಂದ ದಿನ ದೂಡಬೇಕಾಯಿತು. ಬಿಯರಿನ ಲಾಭವೇ ಆಟಗಾರರ ಸಂಬಳವಾಯಿತು ಎಂದು ಭಾವಿಸುವವರು ಗಮನಿಸಬೇಕಾದ ಸಂಗತಿಯಿದು. ಇನ್ನು ಮುಂದೆ ತಂಡವೇ ತನ್ನ ಅನ್ನವನ್ನು ತಾನು ದುಡಿಯಬೇಕಿತ್ತು.

ದುಬಾರಿ ಆಟಗಾರ, ಅಗ್ಗದ ವ್ಯಾಪಾರ

ತಂಡ ದುಡಿಯಿತು. ರೂತ್ 1920ರಲ್ಲಿ 54 ಹೋಮ್‌ರನ್ ಸಿಡಿಸಿದ. ಹಿಂದಿನ ವರ್ಷ ಸುಮಾರು 6.19 ಲಕ್ಷವಿದ್ದ ಯಾಂಕೀಸ್ ಪ್ರೇಕ್ಷಕರ ಸಂಖ್ಯೆ 12.89 ಲಕ್ಷಕ್ಕೆ ಏರಿತು. ಒಂದೇ ಋತುವಿನಲ್ಲಿ ಹತ್ತು ಲಕ್ಷ ಪ್ರೇಕ್ಷಕರನ್ನು ಕಂಡ ಮೊದಲ ತಂಡವೆಂಬ ಹೆಗ್ಗಳಿಕೆ ಅದಕ್ಕೆ ಸಂದಿತು. ಪರಊರಿನ ಪಂದ್ಯಗಳ ಟಿಕೆಟ್ ಹಣದಲ್ಲೂ ಅತಿಥಿ ತಂಡಕ್ಕೆ ಪಾಲು ಸಿಗುತ್ತಿದ್ದುದರಿಂದ, ರೂತ್ ಎಲ್ಲಿ ಆಡಿದರೂ ರೂಪರ್ಟ್‌ನ ತಿಜೋರಿ ತುಂಬುತ್ತಿತ್ತು.

ಬಾಡಿಗೆದಾರನ ಏಳಿಗೆ ಮನೆಯೊಡೆಯನಿಗೆ ಸಹಿಸಲಿಲ್ಲ. ಮೈದಾನ ಖಾಲಿ ಮಾಡುವಂತೆ ಜೈಂಟ್ಸ್ ಒತ್ತಡ ಹೇರಿತು. ರೂಪರ್ಟ್ ಮತ್ತು ಹ್ಯೂಸ್ಟನ್ ಹಾರ್ಲೆಮ್ ನದಿಯ ಆಚೆ ದಡದಲ್ಲಿ, ಪೋಲೊ ಗ್ರೌಂಡ್ಸ್‌ಗೆ ಎದುರಾಗಿ ಬ್ರಾಂಕ್ಸ್‌ನಲ್ಲಿ ಜಾಗ ಕೊಂಡರು. 20 ಲಕ್ಷಕ್ಕೂ ಹೆಚ್ಚು ಡಾಲರ್ ವೆಚ್ಚದಲ್ಲಿ ಒಂದು ವರ್ಷದೊಳಗೆ ಯಾಂಕೀ ಸ್ಟೇಡಿಯಂ ಎದ್ದು ನಿಂತಿತು. 1923ರ ಏಪ್ರಿಲ್ 18ರಂದು ನಡೆದ ಮೊದಲ ಪಂದ್ಯದಲ್ಲೇ ರೂತ್ ಹೋಮ್‌ರನ್ ಹೊಡೆದ. ಅದೇ ವರ್ಷ ತಂಡ ಮೊದಲ ಬಾರಿಗೆ ವರ್ಲ್ಡ್ ಸೀರೀಸ್ ಗೆದ್ದಿತು. ಹ್ಯೂಸ್ಟನ್ ಪಾಲನ್ನು ಹತ್ತು ಲಕ್ಷಕ್ಕೂ ಹೆಚ್ಚು ಡಾಲರ್ ತೆತ್ತು ಕೊಂಡ ರೂಪರ್ಟ್ ತಂಡದ ಏಕೈಕ ಒಡೆಯನಾದ.

ಗೆದ್ದರೆ ಜನ ಬರುತ್ತಾರೆ, ಜನ ಬಂದರೆ ಹಣ, ಹಣವಿದ್ದರೆ ಇನ್ನೂ ಒಳ್ಳೆಯ ಆಟಗಾರರು. ಈ ಚಕ್ರ ನಿಲ್ಲದಂತೆ ನೋಡಿಕೊಂಡದ್ದೇ ಆತನ ಜಾಣ್ಮೆ. ಆಟಗಾರರ ಆಯ್ಕೆಯನ್ನು ಎಡ್ ಬ್ಯಾರೋ ಎಂಬ ನುರಿತ ವ್ಯವಸ್ಥಾಪಕನಿಗೆ ಒಪ್ಪಿಸಿದ. 1931ರಲ್ಲಿ ನೆವಾರ್ಕ್‌ನ ಕೆಳಹಂತದ ತಂಡವನ್ನು ಕೊಂಡು, ಎಳೆಯ ಪ್ರತಿಭೆಗಳನ್ನು ಅಲ್ಲೇ ಬೆಳೆಸಿದ. ಮೊಣಕಾಲಿನ ಗಾಯಕ್ಕೆ ಹೆದರಿ ಇತರರು ಹಿಂಜರಿದಿದ್ದ ಜೋ ಡಿಮ್ಯಾಜಿಯೊನನ್ನು 1934ರಲ್ಲಿ 25,000 ಡಾಲರ್ ಹಾಗೂ ಐವರು ಆಟಗಾರರ ಬದಲಿಗೆ ಪಡೆದುಕೊಂಡ.

ನಾಣ್ಯದ ಇನ್ನೊಂದು ಮುಖ

ಈ ಲೆಕ್ಕದಲ್ಲಿ ಒಂದು ಕರಾಳ ಅಂಶವೂ ಅಡಗಿತ್ತು. ಅಂದಿನ ಒಪ್ಪಂದಗಳಲ್ಲಿದ್ದ ಮೀಸಲು ನಿಯಮದ ಪ್ರಕಾರ, ಒಪ್ಪಂದದ ಅವಧಿ ಮುಗಿದರೂ ಆಟಗಾರ ಬೇರೆ ತಂಡಕ್ಕೆ ಹೋಗುವಂತಿರಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1922ರಲ್ಲಿ ಬೇಸ್‌ಬಾಲನ್ನು ಏಕಸ್ವಾಮ್ಯ ವಿರೋಧಿ ಕಾನೂನಿನ ವ್ಯಾಪ್ತಿಯಿಂದ ಹೊರಗಿಟ್ಟಿತು. ಹರಾಜು ಕೂಗುವವನೇ ಇಲ್ಲದ ಮೇಲೆ ಬೆಲೆ ಏರುವುದೆಂತು? 1930 ಮತ್ತು 1931ರಲ್ಲಿ 80,000 ಡಾಲರ್ ಪಡೆದ ರೂತ್‌ನ ಸಂಬಳ, ಆರ್ಥಿಕ ಕುಸಿತ ಹಾಗೂ ವಯಸ್ಸಿನ ನೆಪದಲ್ಲಿ 1934ರ ವೇಳೆಗೆ 35,000ಕ್ಕೆ ಇಳಿಯಿತು. 1938ರಲ್ಲಿ 40,000 ಡಾಲರ್ ಕೇಳಿ ಆಟಕ್ಕೆ ಬಾರದೆ ಕುಳಿತ ಡಿಮ್ಯಾಜಿಯೊ, ಕೊನೆಗೆ ರೂಪರ್ಟ್ ಹೇಳಿದ 25,000ಕ್ಕೇ ಒಪ್ಪಿ ಮರಳಬೇಕಾಯಿತು. ಮರಳಿದವನನ್ನು ಪ್ರೇಕ್ಷಕರು ಮೂದಲಿಸಿದರು.

ರೂಪರ್ಟ್ ಎಡವಿದ್ದೂ ಉಂಟು. ಮನೆಯಲ್ಲೇ ಆಟ ಕೇಳಿದರೆ ಟಿಕೆಟ್ ಕೊಳ್ಳುವವರಾರು ಎಂಬ ಭಯದಿಂದ ನ್ಯೂಯಾರ್ಕಿನ ಮೂರೂ ತಂಡಗಳು ರೇಡಿಯೊ ಪ್ರಸಾರವನ್ನು ಹಲವು ವರ್ಷ ದೂರವಿಟ್ಟವು. ಮುಂದೆ ಪ್ರಸಾರದ ಹಕ್ಕೇ ತಂಡಗಳ ಪಾಲಿಗೆ ಹೊನ್ನಿನ ಗಣಿಯಾಯಿತು. 2002ರಲ್ಲಿ ಯಾಂಕೀಸ್ ತನ್ನದೇ ಟಿವಿ ವಾಹಿನಿಯ ಮೂಲಕ ಪಂದ್ಯಗಳನ್ನು ಬಿತ್ತರಿಸತೊಡಗಿತು.

1939ರ ಜನವರಿ 13ರಂದು, 71ನೇ ವಯಸ್ಸಿನಲ್ಲಿ ರೂಪರ್ಟ್ ನಿಧನನಾದ. ಆತನ ಒಡೆತನದಲ್ಲಿ ಯಾಂಕೀಸ್ 10 ಲೀಗ್ ಪ್ರಶಸ್ತಿ ಹಾಗೂ 7 ವರ್ಲ್ಡ್ ಸೀರೀಸ್ ಗೆದ್ದಿತ್ತು. 1945ರಲ್ಲಿ ವಾರಸುದಾರರು ತಂಡವನ್ನು ಸುಮಾರು 28 ಲಕ್ಷ ಡಾಲರಿಗೆ ಮಾರಿದರು. ಮೀಸಲು ನಿಯಮದ ಹಿಡಿತವನ್ನು 1975ರ ಡಿಸೆಂಬರ್‌ನಲ್ಲಿ ಮಧ್ಯಸ್ಥಗಾರನೊಬ್ಬನ ತೀರ್ಪು ಸಡಿಲಿಸಿತು. ಅಲ್ಲಿಂದಾಚೆಗೆ ತಂಡಗಳು ಆಟಗಾರರಿಗಾಗಿ ಪೈಪೋಟಿಗಿಳಿದವು, ಸಂಬಳ ಗಗನಕ್ಕೇರಿತು.

2013ರಲ್ಲಿ ರೂಪರ್ಟ್‌ನ ಹೆಸರು ಬೇಸ್‌ಬಾಲ್ ಹಾಲ್ ಆಫ್ ಫೇಮ್ ಸೇರಿತು. ಆಟಗಾರನಿಗೆ ಸುರಿಯುವ ಹಣ ಖರ್ಚಲ್ಲ, ಬಂಡವಾಳ ಎಂಬ ಆತನ ಲೆಕ್ಕವನ್ನೇ ಸಿರಿವಂತ ತಂಡಗಳು ಇಂದಿಗೂ ಅನುಸರಿಸುತ್ತಿವೆ. ಆ ಲೆಕ್ಕದಲ್ಲಿ ಆಟಗಾರನಿಗೂ ನ್ಯಾಯವಾದ ಪಾಲು ಕೇಳುವ ಅವಕಾಶ ದೊರೆತದ್ದು ಮಾತ್ರ ಆತ ತೀರಿಕೊಂಡು ಮೂರೂವರೆ ದಶಕಗಳ ನಂತರ.